ಸಂಬಳವಿತ್ತು, ಕೆಲಸವಿರಲಿಲ್ಲ

ನಿಮ್ಮನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ತಿಂಗಳಾದರೆ ಸಂಬಳ ಬರುತ್ತಿತ್ತು, ವರ್ಷಕ್ಕೊಮ್ಮೆ ವೇತನ ಬಡ್ತಿ ಬರುತ್ತಿತ್ತು, ಹಾಜರಿಯಲ್ಲಿ ಹೆಸರಿತ್ತು. ಮೇಜಿನ ಮೇಲೆ ಕಡತ ಮಾತ್ರ ಇರಲಿಲ್ಲ. ತುಮಕೂರಿನ ಒಂದು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ನಿವೃತ್ತರಾಗುವವರ ಪಿಂಚಣಿ ಕಡತಗಳು ನನ್ನವು. ಸೇವಾ ಪುಸ್ತಕ ಪರಿಶೀಲಿಸಿ, ಅರ್ಹ ಸೇವೆಯ ಲೆಕ್ಕ ಹಾಕಿ, ಬೇಬಾಕಿ ಪ್ರಮಾಣಪತ್ರ ತರಿಸಿ, ಮಹಾಲೇಖಪಾಲರ ಕಚೇರಿಗೆ ಪ್ರಸ್ತಾವನೆ ಹೋಗುವವರೆಗೆ ಎಲ್ಲವೂ ನನ್ನ ಕೈಯಲ್ಲೇ ಆಗುತ್ತಿತ್ತು. ಕಣ್ಣು ಹೋದ ಮೇಲೆ ಅಷ್ಟೂ ಪಕ್ಕದ ಮೇಜಿಗೆ ಹೋಯಿತು.

ಕಣ್ಣು ಒಂದೇ ದಿನ ಹೋದದ್ದಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಈ ಕಾಯಿಲೆ ವಂಶವಾಹಿಗಳಲ್ಲಿ ಬರುತ್ತದೆ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ಇರುಳುಗಣ್ಣಿನಿಂದ ಶುರು. ಆಮೇಲೆ ದೃಷ್ಟಿ ಅಂಚುಗಳಿಂದ ಒಳಕ್ಕೆ ಕುಗ್ಗುತ್ತಾ ಬರುತ್ತದೆ. ಅಪ್ಪ ಅಮ್ಮನದು ಸೋದರ ಸಂಬಂಧದ ಮದುವೆ. ಅಂಥ ಮನೆಗಳಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚು ಎಂದು ಬೆಂಗಳೂರಿನ ವೈದ್ಯರು ಹೇಳಿದರು. ಒಂದು ನಿರ್ದಿಷ್ಟ ವಂಶವಾಹಿಯ ದೋಷವಿದ್ದವರಿಗೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಸಿಕ್ಕಿದೆಯಂತೆ, ಆದರೆ ನನ್ನಂಥ ಹೆಚ್ಚಿನವರಿಗೆ ಔಷಧವಿಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಹೇಳಿದರು.

ಮಧ್ಯದ ಆ ಕೆಲವು ವರ್ಷಗಳು ಪೂರ್ತಿ ಕತ್ತಲೆಯಾದ ಈ ದಿನಗಳಿಗಿಂತ ಕಷ್ಟದವು. ಕೊಳವೆಯೊಳಗಿಂದ ನೋಡಿದ ಹಾಗೆ, ಎದುರಿನ ಒಂದು ಚೂರು ಮಾತ್ರ ಕಾಣುತ್ತಿತ್ತು, ಆದರೆ ಆ ಚೂರು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಗೋಡೆ ಗಡಿಯಾರ ಓದುತ್ತಿದ್ದೆ, ಕಾಲಬುಡದ ಸ್ಟೂಲಿಗೆ ಎಡವಿ ಬೀಳುತ್ತಿದ್ದೆ. ಸಹಿ ಎಲ್ಲಿ ಹಾಕಬೇಕೆಂದು ಹಾಳೆಯಲ್ಲಿ ಹುಡುಕಿ ಹುಡುಕಿ ಕೊನೆಗೆ ಸರಿಯಾದ ಜಾಗದಲ್ಲೇ ಹಾಕುತ್ತಿದ್ದೆ, ಅಷ್ಟರಲ್ಲಿ ಎದುರು ಬಂದು ನಿಂತವರು ಕಾಣುತ್ತಿರಲಿಲ್ಲ. “ಸೂಜಿಗೆ ದಾರ ಪೋಣಿಸ್ತಾರೆ, ಮನುಷ್ಯರು ಕಾಣಲ್ವಂತೆ” ಎಂದು ಶಾಖೆಯಲ್ಲಿ ಮಾತಾಯಿತು. ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. ಅಕ್ಷರ ಎಷ್ಟು ಚಿಕ್ಕದು ಓದಬಲ್ಲಿರಿ ಎಂಬುದೊಂದೇ ಅಳತೆಯಲ್ಲ. ದೃಷ್ಟಿಯ ಹರವು 10 ಡಿಗ್ರಿಗಿಂತ ಕಡಿಮೆಯಿದ್ದರೂ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಅದು ಅಂಧತ್ವವೇ. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದಲ್ಲಿ ಅದನ್ನೇ ಬರೆದಿದ್ದರು. ಪ್ರಮಾಣಪತ್ರ ಕಚೇರಿಯ ಕಡತಕ್ಕೆ ಸೇರಿತು. ಜನರ ಅನುಮಾನ ಹೋಗಲಿಲ್ಲ. ನಾಟಕ ಆಡುತ್ತಿದ್ದಾಳೆ ಎಂಬ ಮಾತು ಬೆನ್ನ ಹಿಂದೆ ಕೇಳಿಸಿಕೊಂಡು ಮನೆಗೆ ಬಂದು ಅತ್ತ ಸಂಜೆಗಳಿವೆ.

ದೃಷ್ಟಿ ಪೂರ್ತಿ ಕುಗ್ಗಿದಾಗ ಅಧಿಕಾರಿಗಳು ಕರೆಸಿ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಅದನ್ನು ಇಂದಿಗೂ ಹೇಳುತ್ತೇನೆ. “ಸ್ವಯಂ ನಿವೃತ್ತಿ ತಗೊಂಬಿಡಿ ಮೇಡಂ. ಪಿಂಚಣಿ ಬರುತ್ತೆ, ಆರಾಮಾಗಿ ಮನೇಲಿರಿ. ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ” ಎಂದರು. ಮನೆಯಲ್ಲಿ ನಮ್ಮವರೂ ಹಾಗೇ ಅಂದರು. ನಾನು ಒಪ್ಪಲಿಲ್ಲ. ಜೀವಮಾನವೆಲ್ಲ ಬೇರೆಯವರ ನಿವೃತ್ತಿ ಕಡತ ಮಾಡಿದವಳು; ಹತ್ತು ವರ್ಷ ಮುಂಚೆ ಮನೆಗೆ ಹೋದರೆ ಪಿಂಚಣಿ ಎಷ್ಟಕ್ಕೆ ಇಳಿಯುತ್ತದೆಂದು ಬಾಯಲ್ಲೇ ಲೆಕ್ಕ ಹೇಳಬಲ್ಲೆ. ಮಗಳಿನ್ನೂ ಪಿಯುಸಿ. ಅದಕ್ಕಿಂತ ಹೆಚ್ಚಾಗಿ, ನಿಯಮ ನನಗೆ ಮರೆತಿರಲಿಲ್ಲ, ತಲೆ ಕೆಟ್ಟಿರಲಿಲ್ಲ.

ಕಾಯ್ದೆಯನ್ನು ಮಗಳು ಓದಿ ಹೇಳಿದಳು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 20ನೇ ಕಲಮಿನ 4ನೇ ಉಪಕಲಂ: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಇದ್ದ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸೂಪರ್ ನ್ಯೂಮರರಿ ಹುದ್ದೆ, ಅಂದರೆ ಅವರಿಗಾಗಿಯೇ ಸೃಷ್ಟಿಸಿದ ಹೆಚ್ಚುವರಿ ಹುದ್ದೆ. ಇದು ಹೊಸದೂ ಅಲ್ಲ. 1995ರ ಹಳೆಯ ಕಾಯ್ದೆಯ 47ನೇ ಕಲಮಿನಲ್ಲೇ ಇತ್ತು. ಕಾಲು ಕಳೆದುಕೊಂಡು ಸೇವೆಯಿಂದ ಹೊರಬಿದ್ದಿದ್ದ ಎಸ್‌ಎಸ್‌ಬಿ ಪೇದೆ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದೇ ಕಲಮನ್ನು ಎತ್ತಿಹಿಡಿದಿತ್ತು. ಮಗಳ ಕೈಯಲ್ಲಿ ಇದನ್ನೆಲ್ಲ ಬರೆಸಿ ಮನವಿ ಕೊಟ್ಟೆ. ಆದೇಶ ಬಂತು. ಸೇವೆಯಲ್ಲಿ ಮುಂದುವರಿಸಿದೆ, ಲಘು ಕೆಲಸ ವಹಿಸತಕ್ಕದ್ದು ಎಂದಿತ್ತು. ಆ ದಿನ ಗೆದ್ದೆ ಅಂದುಕೊಂಡೆವು. ಮನೆಯಲ್ಲಿ ಪಾಯಸ ಮಾಡಿದ್ದೆವು.

ಯಾವುದು ಲಘು ಕೆಲಸ ಎಂದು ಆದೇಶದಲ್ಲಿ ಬರೆದಿರಲಿಲ್ಲ. ಟಪಾಲು ನೋಂದಣಿ ಕೊಡೋಣವೆಂದರೆ ಲಕೋಟೆಯ ಮೇಲಿನ ವಿಳಾಸ ಓದಬೇಕು. ದೂರವಾಣಿ ಕೊಡೋಣವೆಂದರೆ ಎಲ್ಲರ ಜೇಬಿನಲ್ಲೂ ಮೊಬೈಲು, ಶಾಖೆಯ ಫೋನಿಗೆ ಕರೆಯೇ ಬರುವುದಿಲ್ಲ. “ಕೂತ್ಕೊಳಿ ಮೇಡಂ, ನಿಮಗ್ಯಾಕೆ ಟೆನ್ಷನ್ನು” ಎಂದು ಸೂಪರಿಂಟೆಂಡೆಂಟರು ಹೇಳಿದರು. ಕೂತೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಬೀರು ತೆಗೆಯುವ ಸದ್ದು, ಪ್ರಿಂಟರಿನ ಸದ್ದು, ಯಾರೋ ಬಂದು “ನಮ್ಮ ಯಜಮಾನರ ಪಿಂಚಣಿ ಎಲ್ಲಿಗೆ ಬಂತು ಸಾರ್” ಎಂದು ಕೇಳುವುದು, ಅದಕ್ಕೆ ತಪ್ಪು ಉತ್ತರ ಹೋಗುವುದು, ಎಲ್ಲವೂ ಕಿವಿಗೆ ಬೀಳುತ್ತಿತ್ತು.

ಆ ಕಾಲದ ಒಂದು ಸಂಗತಿ ಇನ್ನೂ ಮನಸ್ಸಿನಲ್ಲಿ ಉರಿಯುತ್ತದೆ. ನನ್ನ ಕಡತಗಳನ್ನು ವಹಿಸಿಕೊಂಡ ಹುಡುಗ ಸೇವೆಗೆ ಹೊಸಬ, ಚುರುಕು, ಮರ್ಯಾದಸ್ಥ. ತೊಡಕು ಬಂದಾಗಲೆಲ್ಲ ಕುರ್ಚಿ ಎಳೆದುಕೊಂಡು ಬರುತ್ತಿದ್ದ. “ಅಕ್ಕ, ಇವರು ಅಸಾಧಾರಣ ರಜೆ ಹಾಕಿದ್ದಾರೆ, ಸೇವೆಗೆ ಸೇರುತ್ತಾ?” “ಅಕ್ಕ, ಇವರಿಗೆ ಇಬ್ಬರು ಹೆಂಡತಿಯರು, ನಾಮನಿರ್ದೇಶನ ಮೊದಲನೆಯವರ ಹೆಸರಲ್ಲಿದೆ.” ನಾನು ನಿಯಮ ಹೇಳುವುದು, ಅವನು ಟಿಪ್ಪಣಿ ಬರೆಯುವುದು. ವಾಕ್ಯಗಳು ನನ್ನವೇ. ಟಿಪ್ಪಣಿಯ ಕೆಳಗಿನ ಸಹಿ ಅವನದು. ವರ್ಷದ ಕೊನೆಗೆ ಕಾರ್ಯನಿರ್ವಹಣಾ ವರದಿ ಬರೆಯುವಾಗ ನನ್ನದರಲ್ಲಿ ವಿಲೇವಾರಿ ಮಾಡಿದ ಕಡತಗಳ ಕಾಲಂ ಖಾಲಿ ಬಿಟ್ಟಿದ್ದರು. ಆ ಹುಡುಗನೇ ಅದನ್ನು ಓದಿ ಹೇಳುವಾಗ ಅವನ ದನಿ ಬಿದ್ದುಹೋಯಿತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಬಾಯಲ್ಲಿ ಮಾಡಿದ ಕೆಲಸವನ್ನು ಕೆಲಸವೆಂದು ಬರೆದುಕೊಳ್ಳುವ ನಮೂನೆ ಆ ಕಚೇರಿಯಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಕಣ್ಣಿಲ್ಲದವರಿಗೆ ಕಂಪ್ಯೂಟರು ಕಲಿಸುತ್ತವೆ ಎಂಬುದು ಗೊತ್ತಾದದ್ದು ಆಸ್ಪತ್ರೆಯ ಸಾಲಿನಲ್ಲಿ ಸಿಕ್ಕ ಒಬ್ಬ ತಾಯಿಯಿಂದ. ಗಳಿಕೆ ರಜೆ ಹಾಕಿ ಹೋಗಿ ಕಲಿತೆ. ಬಿಳಿ ಕೋಲು ಹಿಡಿದು ರಸ್ತೆ ದಾಟುವುದನ್ನೂ ಅಲ್ಲೇ ಕಲಿತೆ. ಮೊದಮೊದಲು ಕೋಲು ಹಿಡಿದು ನಮ್ಮ ಬೀದಿಗೆ ಬರಲು ಕೈ ನಡುಗುತ್ತಿತ್ತು, ಆದರೆ ಮೊದಲ ವಾರವೇ ಯಾರೂ ನನಗೆ ಡಿಕ್ಕಿ ಹೊಡೆಯಲಿಲ್ಲ, ನಾಟಕವೆಂದೂ ಅನ್ನಲಿಲ್ಲ. ಪರದೆ ಓದುವ ತಂತ್ರಾಂಶದ ಹೆಸರು ಎನ್‌ವಿಡಿಎ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಸೇರಿ ಬೆಳೆಸಿದ್ದು. ಶುರುವಾದದ್ದು 2006ರಲ್ಲಿ. ದುಡ್ಡು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಆ ಯಾಂತ್ರಿಕ ದನಿ ಮೊದಲು ತಲೆನೋವು ತರಿಸಿತು. ಆಮೇಲೆ ವೇಗ ಹೆಚ್ಚಿಸುತ್ತಾ ಹೋದೆ. ಈಗ ನಾನು ಕೇಳುವ ವೇಗದಲ್ಲಿ ನಮ್ಮವರಿಗೆ ಒಂದು ಪದವೂ ಅರ್ಥವಾಗುವುದಿಲ್ಲ.

ಕಲಿತು ಬಂದು, ಸ್ವಂತ ಲ್ಯಾಪ್‌ಟಾಪು ಮೇಜಿನ ಮೇಲಿಟ್ಟು, ನನ್ನ ಕಡತಗಳನ್ನು ವಾಪಸ್ ಕೊಡಿ ಎಂದು ಕೇಳಿದೆ. ಪರೀಕ್ಷೆಗೆಂದು ಒಂದು ಟಿಪ್ಪಣಿಯ ಕಂಪ್ಯೂಟರ್ ಪ್ರತಿ ಕೊಟ್ಟರು. ಕಿವಿಗೆ ಇಯರ್‌ಫೋನ್ ಹಾಕಿ ಬಾಣದ ಗುಂಡಿ ಒತ್ತಿದೆ. ‘ಕನ್ನಡ’ ಎಂಬ ಪದವಿದ್ದ ಕಡೆ ಅದು ಓದಿದ್ದು ಹೀಗೆ: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್... ಇಡೀ ಪುಟ ಹಾಗೇ. ಸುತ್ತ ನಿಂತವರು ನೋಡುತ್ತಿದ್ದಾರೆಂದು ಗೊತ್ತಿತ್ತು. ಕುತ್ತಿಗೆ ಬೆವರಿತು.

ಕಾರಣ ಇದು. ಕಂಪ್ಯೂಟರು ಕಚೇರಿಗಳಿಗೆ ಬಂದ ಕಾಲದಲ್ಲಿ ಕನ್ನಡಕ್ಕೆ ಸರಿಯಾದ ಜಾಗ ಅದರಲ್ಲಿರಲಿಲ್ಲ. ಆಗ ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿ ನಮಗೆ ಟೈಪು ಮಾಡಲು ದಾರಿ ಮಾಡಿಕೊಟ್ಟವು. ಆ ಉಪಕಾರ ದೊಡ್ಡದು. ಕಣ್ಣಿಗೆ ಅದು ‘ನ’ ಎಂದೇ ಕಾಣುತ್ತದೆ, ಒಳಗೆ ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆ. ಪರದೆ ಓದುವ ತಂತ್ರಾಂಶಕ್ಕೆ ಕಣ್ಣಿಲ್ಲ, ಅದು ಒಳಗಿದ್ದದ್ದನ್ನೇ ಓದುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. 1991ರ ಮೊದಲ ಆವೃತ್ತಿಯಿಂದಲೇ ಇದೆ, ವಿಂಡೋಸ್ ಎಕ್ಸ್‌ಪಿ ಕಾಲದಿಂದ ಸಾಮಾನ್ಯ ಕಂಪ್ಯೂಟರುಗಳಲ್ಲೂ ಕೆಲಸ ಮಾಡುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲೂ ಯುನಿಕೋಡ್ ಇದೆ. ಕೀಲಿಮಣೆ ಅದೇ, ಬೆರಳುಗಳ ಅಭ್ಯಾಸ ಅದೇ. ಒಂದು ಆಯ್ಕೆ ಬದಲಿಸಬೇಕು, ಅಷ್ಟೆ.

ಆ ಒಂದು ಆಯ್ಕೆ ಬದಲಿಸಿ ಎಂದು ನಾನು ಎಷ್ಟು ಜನರನ್ನು ಕೇಳಿಕೊಂಡೆ! ಟೈಪಿಸ್ಟ್ ಹೇಳಿದರು, ಹಳೆಯ ನಮೂನೆಗಳೆಲ್ಲ ಹಳೆಯ ಅಕ್ಷರಶೈಲಿಯಲ್ಲಿವೆ, ಅದಕ್ಕೆ ಹೊಸದು ಕೂಡುವುದಿಲ್ಲ. ಶಾಖೆಯವರು ಹೇಳಿದರು, ಮೇಲಿನ ಕಚೇರಿಗೆ ಕಳಿಸಿದರೆ ಅಲ್ಲಿ ತೆರೆದುಕೊಳ್ಳದಿದ್ದರೆ ಯಾರು ಹೊಣೆ. ಒಬ್ಬರು ನೇರವಾಗಿಯೇ ಕೇಳಿದರು: “ನಿಮ್ಮೊಬ್ಬರಿಗೋಸ್ಕರ ಇಡೀ ಆಫೀಸು ಬದಲಾಗಬೇಕಾ ಮೇಡಂ?”

ಆ ಪ್ರಶ್ನೆಗೆ ಆಗ ಉತ್ತರ ಕೊಡಲಾಗಲಿಲ್ಲ, ಗಂಟಲು ಕಟ್ಟಿತ್ತು. ಈಗ ಕೊಡುತ್ತೇನೆ. ನಾನು ಸೇವೆಗೆ ಸೇರಿದಾಗ ಆ ಕಚೇರಿಯಲ್ಲಿ ಬೆರಳಚ್ಚು ಯಂತ್ರಗಳಿದ್ದವು, ಕಾರ್ಬನ್ ಹಾಳೆಗಳಿದ್ದವು, ಸಂಬಳದ ಬಿಲ್ಲನ್ನು ಕೈಯಲ್ಲಿ ಬರೆದು ಖಜಾನೆಗೆ ಒಯ್ಯುತ್ತಿದ್ದರು. ಆಮೇಲೆ ಕಂಪ್ಯೂಟರು ಬಂತು, ಸಂಬಳದ ಲೆಕ್ಕ ಆನ್‌ಲೈನ್ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ಗೆ ಹೋಯಿತು, ಹಾಜರಿಗೆ ಬೆರಳು ಒತ್ತುವ ಯಂತ್ರ ಬಂತು, ನೌಕರರೆಲ್ಲ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕೆಂದು ನಿಯಮ ಬಂತು. ನಿವೃತ್ತಿಯ ಅಂಚಿನಲ್ಲಿದ್ದ ಶಿರಸ್ತೇದಾರರು ಕೂಡ ಮೌಸ್ ಹಿಡಿಯಲು ಕಲಿತರು. ಇಡೀ ಕಚೇರಿ ಮತ್ತೆ ಮತ್ತೆ ಬದಲಾಗಿದೆ. ಮೇಲಿನಿಂದ ಸುತ್ತೋಲೆ ಬಂದರೆ ಬದಲಾಗುತ್ತದೆ. ಜೊತೆಗೆ ಕೂತ ಒಬ್ಬಳು ಕೇಳಿದರೆ, ಅದು ಅವಳ ಸ್ವಂತ ತೊಂದರೆ, ಕಚೇರಿಯದಲ್ಲ. ಕೆಲಸ ಮಾಡುವ ರೀತಿಯನ್ನು ಒಂದಿಷ್ಟು ತಿದ್ದುವುದಕ್ಕಿಂತ ನನಗೆ ಸುಮ್ಮನೆ ಸಂಬಳ ಕೊಡುವುದು ಅವರಿಗೆ ಸುಲಭವಾಗಿತ್ತು. ಇದನ್ನು ದಯೆ ಎಂದು ನಾನು ಒಪ್ಪುವುದಿಲ್ಲ.

ಇ-ಕಚೇರಿ ಬರುತ್ತದೆ, ಕಾಗದವೇ ಇರುವುದಿಲ್ಲ ಎಂದಾಗ ಬಹಳ ಆಸೆಯಿಟ್ಟುಕೊಂಡಿದ್ದೆ. ಬಂದಾಗ ಆದದ್ದೇನೆಂದರೆ, ಕೈಯಲ್ಲಿ ಬರೆದ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದರು. ಚಿತ್ರದೊಳಗೆ ಅಕ್ಷರವಿದೆಯೆಂದು ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ, ಅದಕ್ಕೆ ಪುಟ ಖಾಲಿ. ಮೊದಲು ಪೌಂಡು ಗ್ರೇವು ಎಂದಾದರೂ ಏನೋ ಕೇಳುತ್ತಿತ್ತು, ಈಗ ಅದೂ ಇಲ್ಲ. ಹೊಸ ತಂತ್ರಜ್ಞಾನ ತಾನಾಗಿ ನಮ್ಮಂಥವರನ್ನು ಒಳಗೆ ಕರೆದುಕೊಳ್ಳುತ್ತದೆ ಎಂದು ನಂಬಿದವರಿಗೆ ಇದನ್ನು ಹೇಳಬೇಕು. ಅದೇ ವರ್ಷ ಬ್ಯಾಂಕಿನ ಆ್ಯಪು ಗುರುತು ಖಚಿತಪಡಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುತ್ತಿತ್ತು. ಮುಖ ಚೌಕಟ್ಟಿನೊಳಗೆ ಬಂತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ಆ್ಯಸಿಡ್ ದಾಳಿಗೆ ಒಳಗಾದವರೂ ದೃಷ್ಟಿಹೀನರೊಬ್ಬರೂ ಹೂಡಿದ್ದ ಮೊಕದ್ದಮೆಗಳಲ್ಲಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಈ ಕ್ರಮವನ್ನು ಬದಲಿಸಲು ನಿರ್ದೇಶನಗಳನ್ನು ಕೊಟ್ಟಿತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಜೀವಿಸುವ ಹಕ್ಕಿನ ಭಾಗ ಎಂದಿತು. ಆ ಸುದ್ದಿಯನ್ನು ನಾನು ಮೊಬೈಲಿನಲ್ಲಿ ಎರಡೆರಡು ಸಲ ಕೇಳಿಸಿಕೊಂಡೆ.

ಕೊನೆಗೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅರ್ಜಿ ಹಾಕಿದೆ. ಸಂಬಳ ಸಾಲದು, ಕೆಲಸ ಬೇಕು ಎಂಬ ಅರ್ಜಿ. ಬರಹಗಾರರ ಸಹಾಯ ಕೇಳಿದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ವಿಕಾಸ್ ಕುಮಾರ್ ಅವರದು, ಸುಪ್ರೀಂ ಕೋರ್ಟ್ 2021ರಲ್ಲಿ ಒಂದು ಮಾತು ಸ್ಪಷ್ಟಪಡಿಸಿತ್ತು: ವ್ಯಕ್ತಿಗೆ ಬೇಕಾದ ಯುಕ್ತ ಅನುಕೂಲ ಮಾಡಿಕೊಡುವುದು ಸಂಸ್ಥೆಯ ಹೊಣೆ, ಕೊಡದಿದ್ದರೆ ಅದೇ ತಾರತಮ್ಯ. ಅದನ್ನು ಅರ್ಜಿಯಲ್ಲಿ ಸೇರಿಸಿದೆ. ನಾನು ಕೇಳಿದ್ದು ಮೂರೇ ಸಂಗತಿ. ಹೊಸ ಟಿಪ್ಪಣಿಗಳು ಯುನಿಕೋಡ್‌ನಲ್ಲಿರಲಿ, ಹಳೆಯ ಕಾಗದ ಓದಿ ಹೇಳಲು ದಿನಕ್ಕೆ ಒಂದು ಗಂಟೆ ಯಾರಾದರೂ ಇರಲಿ, ಕಾರ್ಯಹಂಚಿಕೆ ಆದೇಶದಲ್ಲಿ ನನ್ನ ಹೆಸರಿನ ಮುಂದೆ ಕೆಲಸ ನಮೂದಾಗಲಿ. ನೋಟಿಸು ಬಂದ ಮೇಲೆ ಕಚೇರಿಯಲ್ಲಿ ಕೆಲವರು ಮಾತು ಬಿಟ್ಟರು. ಚಹಾದ ಹೊತ್ತಿಗೆ ನನ್ನನ್ನು ಕರೆಯುವುದು ನಿಂತಿತು. “ಉಂಡ ಮನೆಗೆ ಎರಡು ಬಗೆದರು” ಎಂದದ್ದೂ ಕೇಳಿತು. ಕಾಗದಪತ್ರದ ಜಗಳಕ್ಕಿಂತ ಇದು ಹೆಚ್ಚು ನೋಯಿಸಿತು. ಜೊತೆಯಲ್ಲಿ ಬುತ್ತಿ ಬಿಚ್ಚಿದವರು ಅವರು.

ಆಗ ಜೊತೆ ಕೊಟ್ಟವರು ನಮ್ಮ ಅಟೆಂಡರು. ಏಳನೇ ತರಗತಿ ಓದಿದವರು, ನಿವೃತ್ತಿಗೆ ಹತ್ತಿರ. ಯಾರೂ ಹೇಳದೆ, ಊಟದ ವಿರಾಮದಲ್ಲಿ ಸೇವಾ ಪುಸ್ತಕ ತಂದು ಪಕ್ಕದಲ್ಲಿ ಕೂತು ಓದುವುದು ಶುರು ಮಾಡಿದರು. ಕೂಡಕ್ಷರಗಳಲ್ಲಿ ತಡವರಿಸುತ್ತಾ, ದಿನಾಂಕಗಳನ್ನು ಬೆರಳಿಟ್ಟು ಓದುತ್ತಾ. “ಇಲ್ಲೊಂದು ಹೊಡೆದು ಹಾಕವ್ರೆ ಮೇಡಂ, ಸಹಿ ಇಲ್ಲ” ಎಂದು ಅವರು ಹೇಳಿದ ಒಂದು ಸಾಲಿನಿಂದ ಒಬ್ಬ ಶಿಕ್ಷಕಿಯ ಎರಡು ವರ್ಷದ ಸೇವೆ ಲೆಕ್ಕದಿಂದ ಬಿಟ್ಟುಹೋಗಿದ್ದು ಸಿಕ್ಕಿತು. ಆ ಕಡತಕ್ಕೆ ನಾನೇ ಟಿಪ್ಪಣಿ ಟೈಪು ಮಾಡಿದೆ. ಬಹಳ ಕಾಲದ ಮೇಲೆ ನನ್ನ ಹೆಸರಿನಲ್ಲಿ ಮಂಡನೆಯಾದ ಮೊದಲ ಕಡತ ಅದು. ಸೂಪರಿಂಟೆಂಡೆಂಟರು ಒಂದಕ್ಷರ ತಿದ್ದದೆ ಮೇಲಕ್ಕೆ ಕಳಿಸಿದರು.

ಆಯುಕ್ತರ ಮುಂದೆ ವಿಚಾರಣೆಗೆ ಬಂದ ಹೊಸ ಅಧಿಕಾರಿ ಮೂರಕ್ಕೂ ಒಪ್ಪಿ ಬರೆದುಕೊಟ್ಟರು. ಶಾಖೆಗೆ ಯುನಿಕೋಡ್ ಸುತ್ತೋಲೆ ಹೊರಟಿತು. ಹಳೆಯ ನಮೂನೆಗಳನ್ನು ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಬದಲಿಸಲು ಆ ಟೈಪಿಸ್ಟರಿಗೆ ಒಂದು ವಾರವೂ ಹಿಡಿಯಲಿಲ್ಲ. ಈಗ ಅವರೇ ಎಲ್ಲರಿಗೂ ಹೇಳುತ್ತಾರೆ, ಯುನಿಕೋಡ್ ಆದರೆ ಕಡತ ಹುಡುಕುವುದು ಸುಲಭ, ಮೊಬೈಲಿಗೆ ಕಳಿಸಿದರೂ ಕೆಡುವುದಿಲ್ಲ ಎಂದು. ಸ್ಕ್ಯಾನ್ ಚಿತ್ರಗಳನ್ನು ಅಕ್ಷರವಾಗಿಸುವ ತಂತ್ರಾಂಶವನ್ನೂ ಬಳಸುತ್ತೇನೆ. ಕನ್ನಡ ಅಂಕಿಯ ಸೊನ್ನೆಯನ್ನು ಅದು ಅನುಸ್ವಾರವೆಂದು ಓದಿಬಿಡುತ್ತದೆ. ಪಿಂಚಣಿಯಲ್ಲಿ ಸೊನ್ನೆ ತಪ್ಪಿದರೆ ಒಂದು ಮನೆಯ ಅನ್ನ ತಪ್ಪುತ್ತದೆ. ಹಾಗಾಗಿ ಅಂಕಿಗಳನ್ನು ಮಾತ್ರ ಇನ್ನೊಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿಯೇ ಮುಂದೆ ಕಳಿಸುತ್ತೇನೆ.

ಈಚೆಗೆ ಅಂಗವಿಕಲ ಮೀಸಲಾತಿಯಲ್ಲಿ ಒಬ್ಬ ಯುವಕ ನಮ್ಮ ಶಾಖೆಗೆ ಬಂದಿದ್ದಾನೆ. ಹುಟ್ಟಿನಿಂದ ದೃಷ್ಟಿಯಿಲ್ಲ, ಎಂಎ ಮಾಡಿದ್ದಾನೆ. ಅವನಿಗೆ ಕೆಲಸ ಕೊಡಲು ಯಾರೂ ಹಿಂದೆ ಮುಂದೆ ನೋಡಲಿಲ್ಲ, ಅದು ನನಗೆ ತುಂಬ ಸಂತೋಷದ ವಿಷಯ. ಆದರೆ ಅವನಿಗೂ ಒಂದು ಇಯರ್‌ಫೋನ್ ಕೊಟ್ಟು, “ಮೇಡಂ ಮಾಡ್ತಾರಲ್ಲ, ಹಾಗೇ ಮಾಡಪ್ಪ” ಎಂದರು. ಅವನ ಒಂದು ಕಿವಿ ಮಂದ. ಅವನು ಅಕ್ಷರವನ್ನು ಕೇಳಿ ಬೆಳೆದವನಲ್ಲ, ಮುಟ್ಟಿ ಬೆಳೆದವನು. 1951ರಿಂದ ಭಾರತದ ಭಾಷೆಗಳಿಗೆಲ್ಲ ಬಂದಿರುವ ಭಾರತಿ ಬ್ರೈಲ್‌ನ ಆರು ಚುಕ್ಕಿಗಳಲ್ಲಿ ಅವನ ಓದು ನಡೆದಿದೆ. ನನಗೆ ಬ್ರೈಲ್ ಬರುವುದಿಲ್ಲ, ನಡುವಯಸ್ಸಿಗೆ ಬಂದ ಕುರುಡು ನನ್ನದು, ಬೆರಳು ಅದನ್ನು ಹಿಡಿಯಲಿಲ್ಲ. ಕಣ್ಣಿಲ್ಲದವರೆಲ್ಲ ಒಂದೇ ಎಂಬ ಲೆಕ್ಕ ಈಗ ಹೊಸದಾಗಿ ಹುಟ್ಟಿದೆ, ಅದಕ್ಕೆ ನನ್ನನ್ನೇ ಉದಾಹರಣೆ ಕೊಡುತ್ತಾರೆ. ಅವನಿಗೆ ಬೇಕಿರುವುದು ಬ್ರೈಲ್ ಡಿಸ್‌ಪ್ಲೇ. ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲಿನ ಸಾಲು ಅದರ ಮೇಲೆ ಚುಕ್ಕಿಗಳಾಗಿ ಎದ್ದು ಬೆರಳಿಗೆ ಸಿಗುತ್ತದೆ. ಅದನ್ನು ಖರೀದಿಸಲು ಟಿಪ್ಪಣಿಯನ್ನು ನಾನೇ ಮಂಡಿಸಿದೆ. ಯಾವ ಲೆಕ್ಕ ಶೀರ್ಷಿಕೆಯಲ್ಲಿ ವೆಚ್ಚ ಭರಿಸಬೇಕೆಂದು ಕೇಳಿ ಅದು ವಾಪಸ್ ಬಂದಿದೆ. ಶೀರ್ಷಿಕೆ ಹುಡುಕಿದ್ದೇನೆ, ಕಾಯ್ದೆಯ ಕಲಮನ್ನೂ ಕೆಳಗೆ ಬರೆದಿದ್ದೇನೆ, ಸೋಮವಾರ ಮತ್ತೆ ಮಂಡಿಸುತ್ತೇನೆ.